ಟೈಮ್‌ಟೇಬಲ್ ಇಲ್ಲದ ಗಾಡಿಯ ಫೋಟೊ

ವಂದೇ ಭಾರತ್ ಹಾವೇರಿ ದಾಟುವ ಹೊತ್ತನ್ನು ಮೊಬೈಲು ನಿಮಿಷದ ಲೆಕ್ಕದಲ್ಲಿ ಹೇಳಿಬಿಡುತ್ತದೆ. ಕಲ್ಲಿದ್ದಲು ಇಳಿಸಿ ತೋರಣಗಲ್ಲಿನಿಂದ ಹೊರಡಬೇಕಾದ ಖಾಲಿ ರೇಕ್ (ವ್ಯಾಗನ್ನುಗಳ ಸಾಲು) ಯಾವಾಗ ಹೊರಡುತ್ತದೆ ಎಂದು ಕೇಳಿದರೆ ಅದರ ಲೋಕೊ ಪೈಲಟ್ಟೇ ನಕ್ಕು ಸುಮ್ಮನಾಗುತ್ತಾರೆ. ಹುಬ್ಬಳ್ಳಿ, ಬಳ್ಳಾರಿ, ಕ್ಯಾಸಲ್‌ರಾಕ್, ಸಕಲೇಶಪುರ, ಕೃಷ್ಣರಾಜಪುರಂ ಸುತ್ತ ವರ್ಷಗಟ್ಟಲೆ ಗೂಡ್ಸ್ ಗಾಡಿಗಳಿಗಾಗಿ ಕ್ಯಾಮೆರಾ ಹಿಡಿದು ನಿಂತ ಮೇಲೆ ನನ್ನಲ್ಲಿ ಉಳಿದ ತಿಳಿವಳಿಕೆಯನ್ನು ಇಲ್ಲಿ ಬರೆದಿದ್ದೇನೆ. ಲೆನ್ಸಿನ ಮಾತು ಇದರಲ್ಲಿ ಕಡಿಮೆ, ರೈಲಿನ ಮಾತು ಹೆಚ್ಚು. ಈ ಹವ್ಯಾಸದಲ್ಲಿ ಇರಬೇಕಾದ ಪ್ರಮಾಣವೂ ಅದೇ ಎಂಬುದು ನನ್ನ ಅಭಿಪ್ರಾಯ.

1. ಗಾಡಿ ಓಡಿಸುವವರ ತಲೆಯಿಂದ ಯೋಚಿಸಿ

ಗೂಡ್ಸ್ ಗಾಡಿ ಎಲ್ಲಿ ಬೇಕಾದರೂ ನಿಲ್ಲುವಂತೆ ಕಾಣುತ್ತದೆ. ಆದರೆ ಅದು ನಿಲ್ಲುವುದಕ್ಕೆ ಪ್ರತಿಸಲವೂ ಕಾರಣ ಇರುತ್ತದೆ: ಮುಂದೆ ಎಕ್ಸ್‌ಪ್ರೆಸ್ ಬರುತ್ತಿದೆ, ಸಿಬ್ಬಂದಿ ಬದಲಾಗಬೇಕು, ಘಾಟ್ ಹತ್ತಲು ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಸೇರಬೇಕು, ಇಲ್ಲವೇ ಮುಂದಿನ ಯಾರ್ಡಿನಲ್ಲಿ ಜಾಗವಿಲ್ಲ. ಆ ಕಾರಣ ಗೊತ್ತಾದರೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದು ಅರ್ಧ ತೀರ್ಮಾನವಾದಂತೆ.

ಪ್ರಯಾಣಿಕರ ರೈಲುಗಳ ಟೈಮ್‌ಟೇಬಲ್ ನಮಗೆ ಬೇಕಾಗುವುದು ಇಲ್ಲಿ. ಒಂದರ ಹಿಂದೊಂದು ಮೂರು ಎಕ್ಸ್‌ಪ್ರೆಸ್ ಹೋಗುವ ಹೊತ್ತಿನಲ್ಲಿ ಗೂಡ್ಸ್ ಗಾಡಿ ಯಾವುದಾದರೂ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ಬಿದ್ದಿರಲೇಬೇಕು. ಅಂಥ ಹೊತ್ತಿನಲ್ಲಿ ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿದ್ದರೆ ನಿಂತ ಇಂಜಿನ್ನನ್ನು ನಿಧಾನವಾಗಿ, ಬೆಳಕು ನೋಡಿಕೊಂಡು ತೆಗೆಯಬಹುದು. ಎಕ್ಸ್‌ಪ್ರೆಸ್ ಸಾಲು ಮುಗಿದ ಬೆನ್ನಿಗೇ ಅದು ಹೊರಡುವ ಫೋಟೊವೂ ಸಿಗುತ್ತದೆ.

ಸಿಗ್ನಲ್ ಓದುವುದನ್ನು ಕಲಿಯಿರಿ. ಹೋಮ್ ಸಿಗ್ನಲಿನಲ್ಲಿ ಹಳದಿಯ ಮೇಲೆ ಓರೆಯಾಗಿ ಐದು ಬಿಳಿ ದೀಪ ಹತ್ತಿದ್ದರೆ ಬರುತ್ತಿರುವ ಗಾಡಿ ಮೇನ್ ಲೈನ್ ಬಿಟ್ಟು ಲೂಪಿಗೆ ತಿರುಗುತ್ತದೆ. ಅದು ತಿರುಗುವಾಗ ಪಾಯಿಂಟಿನ ಮೇಲೆ ಇಡೀ ರೇಕ್ ಹಾವಿನಂತೆ ಬಾಗುವುದು ಕಾಣಬೇಕಾದರೆ ಪ್ಲಾಟ್‌ಫಾರ್ಮಿನ ಆ ತುದಿಗೆ ಮೊದಲೇ ಹೋಗಿರಬೇಕು. ಎಲ್ಲವೂ ಹಸಿರಿದ್ದರೆ ಗಾಡಿ ನಿಲ್ಲದೆ ಹೋಗುತ್ತದೆ, ಶಟರ್ ಮೊದಲೇ ಏರಿಸಿಟ್ಟುಕೊಳ್ಳಿ.

ಸಿಗ್ನಲಿಗಿಂತ ಮೊದಲು ಹೇಳುವವರು ಗೇಟ್‌ಮನ್. “ಅಣ್ಣಾರ, ಗಾಡಿ ಏನಾರ ಐತೇನ್ರಿ?” ಎಂದು ಕೇಳಿದರೆ “ಒಂದು ಗೂಡ್ಸ್ ಐತ್ರಿ, ಹಿಂದಿನ ಟೇಸನ್‌ನ್ಯಾಗ ಕ್ರಾಸಿಂಗ್‌ಗೆ ನಿಂತೈತಿ” ಎಂಬ ಉತ್ತರ ಯಾವ ಆ್ಯಪ್‌ನಲ್ಲೂ ಸಿಗದು. ಆದರೆ ಅವರು ಫೋನಿನಲ್ಲಿ ಸ್ಟೇಷನ್ ಮಾಸ್ಟರ್ ಜತೆ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಅಲ್ಲಿ ಒಂದು ಅಂಕಿ ತಪ್ಪಿ ಕೇಳಿಸಿದರೂ ಹೊಣೆ ಅವರ ತಲೆಗೆ ಬರುತ್ತದೆ.

2. ಅಕ್ಷರ ಮತ್ತು ಅಂಕಿ

ಇಂಜಿನ್ನಿನ ಮೈಮೇಲಿನ ಬರಹವೇ ಅದರ ಜಾತಕ. ಮೊದಲ ‘ಡಬ್ಲ್ಯು’ ಬ್ರಾಡ್‌ಗೇಜ್. ಎರಡನೆಯದು ‘ಡಿ’ ಆದರೆ ಡೀಸೆಲ್, ‘ಎ’ ಆದರೆ ಎಸಿ ವಿದ್ಯುತ್. ಮೂರನೆಯ ‘ಜಿ’ ಗೂಡ್ಸ್, ‘ಪಿ’ ಪ್ಯಾಸೆಂಜರ್, ‘ಎಂ’ ಎರಡಕ್ಕೂ, ‘ಎಸ್’ ಶಂಟಿಂಗ್. ಹೀಗೆ ಡಬ್ಲ್ಯುಡಿಜಿ-4 ಎಂದರೆ ಬ್ರಾಡ್‌ಗೇಜಿನ ಡೀಸೆಲ್ ಗೂಡ್ಸ್ ಇಂಜಿನ್. ಅಮೆರಿಕದ ಇಎಂಡಿ ಕಂಪನಿಯ ಈ ಮಾದರಿ 1999ರಲ್ಲಿ ಬಂದಾಗ ಅದಕ್ಕೆ ಮೊದಲ ಮನೆಯಾದದ್ದು ಹುಬ್ಬಳ್ಳಿ ಡೀಸೆಲ್ ಶೆಡ್. 4000 ಅಶ್ವಶಕ್ತಿಯದು, ಮುಂದೆ 4500ಕ್ಕೆ ಏರಿತು. ವಿದ್ಯುತ್ತಿನ ಡಬ್ಲ್ಯುಎಜಿ-9 6000 ದಾಟಿತು. ಮಧೇಪುರದ ಡಬ್ಲ್ಯುಎಜಿ-12ಬಿ ಎರಡು ತುಂಡು ಸೇರಿ 12000.

ಡಬ್ಲ್ಯುಡಿಜಿ-4ಕ್ಕೆ ಒಂದೇ ತುದಿಯಲ್ಲಿ ಕ್ಯಾಬ್. ಉದ್ದನೆಯ ಹುಡ್ ಮುಂದಾಗಿ ಓಡುವಾಗ ಲೋಕೊ ಪೈಲಟ್ ಅಷ್ಟುದ್ದ ಯಂತ್ರದ ಪಕ್ಕದಿಂದ ಹಳಿ ನೋಡಬೇಕು. ಆ ಕಷ್ಟ ನೀಗಿಸಲು ಎರಡೂ ತುದಿಗೆ ಕ್ಯಾಬ್ ಇರುವ ಡಬ್ಲ್ಯುಡಿಜಿ-4ಡಿ ಬಂತು. ಚಿತ್ರ ತೆಗೆಯುವವನಿಗೆ ಇದು ಬರೀ ಮಾಹಿತಿಯಲ್ಲ. ಹುಡ್ ಮುಂದಾಗಿ ಬರುವ ಇಂಜಿನ್ನಿಗೆ ಮುಖವೇ ಇರುವುದಿಲ್ಲ. ಅದನ್ನು ಎದುರಿನಿಂದ ಹಿಡಿದರೆ ತಗಡಿನ ಪೆಟ್ಟಿಗೆ ಕಾಣುತ್ತದೆ, ಸ್ವಲ್ಪ ಎತ್ತರದಿಂದ ಓರೆಯಾಗಿ ಹಿಡಿದರೆ ಫ್ಯಾನು, ಗ್ರಿಲ್ಲು, ಕಟಾಂಜನ ಎಲ್ಲ ಕಾಣುತ್ತವೆ.

ವ್ಯಾಗನ್ ಕಡೆಗೂ ಕಣ್ಣಿರಲಿ. ಹನ್ನೊಂದು ಅಂಕಿಯ ಆ ಸಂಖ್ಯೆಯಲ್ಲಿ ಮೊದಲೆರಡು ಅಂಕಿ ವ್ಯಾಗನ್ನಿನ ಬಗೆ, ಮುಂದಿನೆರಡು ಅದರ ಒಡೆತನದ ರೈಲ್ವೆ, ಐದು-ಆರನೆಯವು ತಯಾರಾದ ವರ್ಷ, ಆಮೇಲಿನ ನಾಲ್ಕು ಅದರ ಸ್ವಂತ ಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಮೇಲ್ಭಾಗ ತೆರೆದ ಎತ್ತರದ ಬಾಕ್ಸ್‌ಎನ್ ಅದಿರು, ಕಲ್ಲಿದ್ದಲಿಗೆ. ಮುಚ್ಚಿದ ಬಿಸಿಎನ್ ಸಿಮೆಂಟು, ಗೊಬ್ಬರ, ಧಾನ್ಯಕ್ಕೆ. ಬಿಟಿಪಿಎನ್ ಪೆಟ್ರೋಲಿನದು. ಹೊಟ್ಟೆಯಡಿ ಬಾಗಿಲು ತೆರೆದು ಕಲ್ಲಿದ್ದಲು ಸುರಿಯುವ ಬಿಒಬಿಆರ್ ವಿದ್ಯುತ್ ಸ್ಥಾವರಗಳಿಗೆ. ಮುಂದಿನ ಇಂಜಿನ್ನಿಗೆ ಮಾತ್ರ ಫೋಕಸ್ ಮಾಡಿ ಹಿಂದಿನದನ್ನು ಮಸುಕು ಮಾಡುವ ಚಟ ಇತ್ತೀಚೆಗೆ ಜಾಸ್ತಿಯಾಗಿದೆ, ನನಗೆ ಅದು ಹಿಡಿಸುವುದಿಲ್ಲ. ಏನನ್ನು ಎಳೆಯುತ್ತಿದೆ ಎಂದು ಕಾಣದಿದ್ದ ಮೇಲೆ ಅದು ಗೂಡ್ಸ್ ಗಾಡಿಯ ಚಿತ್ರ ಹೇಗಾದೀತು?

3. ಕಿವಿ ಮೊದಲು, ಕಣ್ಣು ಆಮೇಲೆ

ಹಳೆಯ ಆಲ್ಕೊ ಮಾದರಿಯ ಡೀಸೆಲ್ ಇಂಜಿನ್ನಿನದು ಹದಿನಾರು ಸಿಲಿಂಡರಿನ ನಾಲ್ಕು ಸ್ಟ್ರೋಕು. ನಿಂತಲ್ಲೇ ತಾಳ ಹಾಕಿದಂತೆ ಬಿಟ್ಟು ಬಿಟ್ಟು ಬಡಿಯುತ್ತದೆ. ಇಎಂಡಿಯದೂ ಹದಿನಾರೇ, ಆದರೆ ಎರಡು ಸ್ಟ್ರೋಕು. ಅದರ ಸದ್ದು ಎಡೆಬಿಡದ ಗುಂಯ್‌ಗುಡುವಿಕೆ, ಮೇಲೊಂದು ಟರ್ಬೊ ಸಿಳ್ಳೆ. ವಿದ್ಯುತ್ ಇಂಜಿನ್ ಎದುರಿಗೆ ಬರುವ ತನಕ ಸುದ್ದಿಯೇ ಇರುವುದಿಲ್ಲ. ತಿರುವಿನಾಚೆ ಬರುತ್ತಿರುವುದು ಯಾವುದು, ಪೂರ್ತಿ ಎಳೆತದಲ್ಲಿದೆಯೋ ಸುಮ್ಮನೆ ಜಾರುತ್ತ ಬರುತ್ತಿದೆಯೋ ಎಂದು ಸದ್ದಿನಿಂದ ತಿಳಿದರೆ ಲೆನ್ಸ್ ಬದಲಿಸುವಷ್ಟು ಸಮಯ ಸಿಕ್ಕೀತು. ಆ ಕಾರಣಕ್ಕೇ ಹಳಿ ಬಳಿ ಇಯರ್‌ಫೋನ್ ಹಾಕಿಕೊಂಡು ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿದ್ಯುದೀಕರಣ ಆದ ಮಾರ್ಗದಲ್ಲಂತೂ ಅದು ಜೀವದ ಪ್ರಶ್ನೆ.

4. ಬಳ್ಳಾರಿಯ ಸೂರ್ಯ ಉತ್ತರಕ್ಕೂ ಹೋಗುತ್ತಾನೆ

ಯುರೋಪು, ಅಮೆರಿಕದ ಪುಸ್ತಕಗಳಲ್ಲಿ ‘ಹಳಿಯ ದಕ್ಷಿಣಕ್ಕೆ ನಿಲ್ಲಿ’ ಎಂಬ ಸಲಹೆ ಸಾಮಾನ್ಯ. ಅಲ್ಲಿಗೆ ಅದು ಸರಿ. ನಮ್ಮಲ್ಲಿ ಅರ್ಧ ಮಾತ್ರ ಸರಿ. ಬಳ್ಳಾರಿಯಿಂದ ಹೊಸಪೇಟೆಗೆ ಹಳಿ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಹೋಗುತ್ತದೆ. ಊರು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದವರೆಗೆ ಅಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ಬೆಳಗಿನ ಬಿಸಿಲೂ ಈಶಾನ್ಯದ ಕಡೆಯಿಂದಲೇ ಬರುವುದರಿಂದ ಹಳಿಯ ಉತ್ತರಕ್ಕೆ ನಿಲ್ಲಬೇಕು. ಡಿಸೆಂಬರಿನಲ್ಲಿ ಇದೇ ಜಾಗದಲ್ಲಿ ದಿನವಿಡೀ ದಕ್ಷಿಣದ ಬದಿಗೆ ಬೆಳಕು.

ಬೇಸಿಗೆಯ ನಡುಹಗಲು ಹೇಗೂ ಕೆಲಸಕ್ಕೆ ಬಾರದು. ಬೆಳಕು ಮೇಲಿನಿಂದ ನೇರ ಬಿದ್ದು ಇಂಜಿನ್ನಿನ ಚಾವಣಿ ಬೆಳ್ಳಗಾಗುತ್ತದೆ, ಚಕ್ರ-ಬೋಗಿಗಳು ಕಪ್ಪು ಮಸಿಯಾಗುತ್ತವೆ. ಆ ಭಾಗ ಕಾಣದ ಇಂಜಿನ್ ಚಿತ್ರ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ. ತೆಳು ಮೋಡದ ದಿನ ಬಂದರೆ ಬೇಸರ ಪಡಬೇಡಿ. ಅದಿರಿನ ಕೆಂಪು, ತುಕ್ಕಿನ ಕಂದು, ಹಳದಿ ಪಟ್ಟೆ ಇವೆಲ್ಲ ಚೆನ್ನಾಗಿ ಬೇರ್ಪಟ್ಟು ಕಾಣುವುದು ಆಗಲೇ.

5. ಬಿಸಿಗಾಳಿಯ ಅಲೆಗೆ ಮದ್ದಿಲ್ಲ

ಏಪ್ರಿಲ್‌ನಲ್ಲಿ ಕುಡತಿನಿ ಕಡೆ ಹತ್ತು ಗಂಟೆಯ ಮೇಲೆ 300 ಮಿಲಿಮೀಟರ್ ಲೆನ್ಸಿನಲ್ಲಿ ಹಳಿಯುದ್ದಕ್ಕೂ ನೋಡಿ: ಇಂಜಿನ್ ನೀರಿನೊಳಗೆ ನಿಂತ ಹಾಗೆ ನಡುಗುತ್ತದೆ. ಕಾದ ಜಲ್ಲಿಯಿಂದ ಏಳುವ ಗಾಳಿ ಬೆಳಕನ್ನು ಬಾಗಿಸುತ್ತದೆ. ಎಷ್ಟೇ ದುಬಾರಿ ಲೆನ್ಸ್ ತಂದರೂ, ಶಟರ್ ಎಷ್ಟೇ ಏರಿಸಿದರೂ ಅದು ಹೋಗುವುದಿಲ್ಲ. ಹತ್ತಿರ ಬರುವವರೆಗೆ ಕಾದು 50 ಅಥವಾ 85ರಲ್ಲಿ ತೆಗೆಯಿರಿ. ಅದಿರು ಲೋಡ್ ಮಾಡುವ ಕಡೆ ಲೆನ್ಸ್ ಬದಲಿಸುವುದನ್ನೇ ಬಿಡಿ. ಆ ಕೆಂಪು ದೂಳು ಸೆನ್ಸರಿಗೆ ಕೂತರೆ ಅಷ್ಟು ಸುಲಭವಾಗಿ ಬಿಡುವುದಲ್ಲ.

6. ಕಂಬ, ತಂತಿ

ವಿದ್ಯುದೀಕರಣದ ಬಗ್ಗೆ ಗೊಣಗುವುದು ರೈಲು ಹವ್ಯಾಸಿಗಳಿಗೆಲ್ಲ ರೂಢಿ. ಚೆಂದದ ತಿರುವುಗಳಲ್ಲೆಲ್ಲ ಕಂಬ ಎದ್ದವು ಎನ್ನುವುದು ನಿಜ. ಆದರೆ ಕಂಬದ ಲೆಕ್ಕ ಗೊತ್ತಿದ್ದರೆ ಅದರೊಂದಿಗೆ ಬದುಕಬಹುದು. ನೇರ ಹಳಿಯಲ್ಲಿ ಎರಡು ಕಂಬಗಳ ನಡುವೆ ಗರಿಷ್ಠ 72 ಮೀಟರ್ ಅಂತರ, ತಿರುವಿನಲ್ಲಿ ಅದಕ್ಕಿಂತ ಕಡಿಮೆ. ಇಂಜಿನ್ನಿನ ಉದ್ದ 20 ಮೀಟರಿನ ಆಸುಪಾಸು, ಒಂದು ಬಾಕ್ಸ್‌ಎನ್ 10.7 ಮೀಟರ್. ಪಕ್ಕದಿಂದ ತೆಗೆದರೆ ಜೋಡಿ ಇಂಜಿನ್ ಮತ್ತು ಎರಡು ವ್ಯಾಗನ್ ಎರಡು ಕಂಬಗಳ ನಡುವಿಗೆ ಕೂರುತ್ತವೆ. ಹೀಗಾಗಿ ಇಂಜಿನ್ನಿನ ಮೂಗು ಮುಂದಿನ ಕಂಬ ಮುಟ್ಟುವ ಹೊಸ್ತಿಲಲ್ಲಿ ಗುಂಡಿ ಒತ್ತಬೇಕು.

ಡಬಲ್ ಲೈನಿನಲ್ಲಿ ಕಂಬಗಳು ಹೊರಬದಿಗೆ ಇರುತ್ತವೆ. ಆಚೆ ಲೈನಿನ ಗಾಡಿ ತೆಗೆಯುವಾಗ ಈಚೆಯ ಕಂಬ ಅಡ್ಡ ಬರುತ್ತದೆ, ಈಚೆ ಲೈನಿನದಕ್ಕೆ ಬರುವುದಿಲ್ಲವೆಂದಲ್ಲ, ಕಡಿಮೆ. ರಸ್ತೆ ಮೇಲ್ಸೇತುವೆಯ ಮೇಲಿಂದ ತೆಗೆದರೆ ತಂತಿಗಳು ಇಂಜಿನ್ನಿನ ಮೈಮೇಲೆ ಗೆರೆ ಎಳೆಯುತ್ತವೆ. ಅದರ ಬದಲು ಪೂರ್ತಿ ರೇಕ್ ತೋರಿಸಲು ಸೇತುವೆ ಬಳಸಿ. 58 ಬಾಕ್ಸ್‌ಎನ್ ಎಂದರೆ 620 ಮೀಟರ್. ಎರಡು ಇಂಜಿನ್, ಒಂದು ಬ್ರೇಕ್ ವ್ಯಾನ್ ಸೇರಿದರೆ 670ರ ಸುಮಾರು. ಅದು ಒಂದೇ ಚೌಕಟ್ಟಿನಲ್ಲಿ ಕಾಣುವುದು ಎತ್ತರದಿಂದ, ತಿರುವಿನಲ್ಲಿ ಮಾತ್ರ.

7. ವೇಗ

75 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 21 ಮೀಟರ್ ಹೋಗುತ್ತದೆ. 1/500ರಲ್ಲಿ ನಾಲ್ಕು ಸೆಂಟಿಮೀಟರ್, 1/1000ದಲ್ಲಿ ಎರಡು. ಪಕ್ಕದಿಂದ ತೆಗೆಯುವಾಗ 1/1000 ಬೇಕು, ಎದುರಿನಿಂದಾದರೆ 1/500 ಸಾಕು. ಕ್ಯಾಮೆರಾವನ್ನೂ ಗಾಡಿಯ ಜೊತೆ ತಿರುಗಿಸಿ ತೆಗೆಯುವುದಾದರೆ 1/30ರಿಂದ 1/60. ಆದರೆ ಎಲೆಕ್ಟ್ರಾನಿಕ್ ಶಟರ್ ಬೇಡ, ಕಂಬಗಳೆಲ್ಲ ವಾಲಿಕೊಂಡು ಕಾಣುತ್ತವೆ. ಎಲ್‌ಇಡಿ ದೀಪಗಳಿರುವ ಕಡೆ ಅದೇ ಶಟರ್ ಅಡ್ಡ ಪಟ್ಟೆಗಳನ್ನೂ ಮೂಡಿಸಬಹುದು.

ರಾತ್ರಿಯ ವಿಷಯಕ್ಕೆ ಒಂದು ಮಾತು. ವಿನ್ಸ್ಟನ್ ಲಿಂಕ್ 1950ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆಯ ಉಗಿ ಇಂಜಿನ್ನುಗಳನ್ನು ರಾಶಿ ಫ್ಲಾಶ್ ಬಲ್ಬುಗಳಿಂದ ಬೆಳಗಿಸಿ ತೆಗೆದ ಚಿತ್ರಗಳನ್ನು ನೋಡಿ ನಮ್ಮ ಹುಡುಗರಿಗೂ ಫ್ಲಾಶಿನ ಆಸೆ ಹುಟ್ಟುತ್ತದೆ. ಲಿಂಕ್ ರೈಲ್ವೆಯ ಒಪ್ಪಿಗೆ, ಸಹಕಾರ ಪಡೆದು ಕೆಲಸ ಮಾಡಿದವರು. ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ಸಿಗ್ನಲ್ ಹುಡುಕುತ್ತ ಬರುವ ಲೋಕೊ ಪೈಲಟ್ ಮುಖಕ್ಕೆ ಫ್ಲಾಶ್ ಹೊಡೆಯುವುದು ಫೋಟೊಗ್ರಫಿ ಅಲ್ಲ, ಅಪರಾಧ.

8. ಘಾಟ್ ಹಟ ಬೇಡುವುದಿಲ್ಲ

ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಝಾ ಘಾಟಿನ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೇರಬೇಕು. ಮುರ್ಮಗಾಂವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹತ್ತಿ ಬರುವುದು ಈ ದಾರಿಯಲ್ಲೇ. ಮುಂದೆ ಇಂಜಿನ್ ಸಾಲು, ಹಿಂದೆ ಬ್ಯಾಂಕರ್ ಸಾಲು. ಮುಂದಿನ ಇಂಜಿನ್ ದಾಟಿದ ಕೂಡಲೇ ಕ್ಯಾಮೆರಾ ಇಳಿಸುವವರು ಇಲ್ಲಿಯ ಅಸಲಿ ಚಿತ್ರ ಕಳೆದುಕೊಳ್ಳುತ್ತಾರೆ. ತಳ್ಳುವ ಇಂಜಿನ್ನುಗಳ ಮುಖ ಬ್ರೇಕ್ ವ್ಯಾನಿಗೆ ಒತ್ತಿಕೊಂಡು ಬರುವುದು, ಡೀಸೆಲ್ ಆದರೆ ಅವುಗಳ ಹೊಗೆ ಕಾಡಿನ ಮಂಜಿನಲ್ಲಿ ಸೇರುವುದು ನೋಡಬೇಕಾದ್ದೇ ಕೊನೆಯಲ್ಲಿ.

ಇದೇ ಘಾಟಿನ ದೂಧ್‌ಸಾಗರ ಜಲಪಾತಕ್ಕೆ ಹಳಿ ಮೇಲೆ ನಡೆದು ಹೋಗುವ ಹಳೆಯ ಚಾಳಿಗೆ ನಿಷೇಧವಿದೆ. 2023ರ ಮಳೆಗಾಲದಲ್ಲಿ ಹಾಗೆ ಹೋದವರಿಗೆ ಬಸ್ಕಿ ಹೊಡೆಸಿದ ವಿಡಿಯೊವನ್ನು ದೇಶವೆಲ್ಲ ನೋಡಿತು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದ ಕಥೆಯೂ ಅದೇ. ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗವಿಲ್ಲ, ಅಷ್ಟೇ ಸರಳ. ನಡೆಯದೆಯೂ ಫೋಟೊ ಸಿಗುತ್ತದೆ. ಕ್ಯಾಸಲ್‌ರಾಕ್ ಪ್ಲಾಟ್‌ಫಾರ್ಮಿನಲ್ಲಿ ಒಂದು ದಿನ ಕೂತರೆ ಬ್ಯಾಂಕರುಗಳ ಸೇರಿಕೆ, ಬಿಡಿಸಿಕೊಳ್ಳುವಿಕೆ ಎಲ್ಲ ಎದುರಿಗೇ. ಗೋವಾ ಕಡೆಯ ಪ್ಯಾಸೆಂಜರ್ ಗಾಡಿಗಳು ಘಾಟಿನ ಸಣ್ಣ ಸ್ಟೇಷನ್ನುಗಳಲ್ಲಿ ಕ್ರಾಸಿಂಗಿಗೆ ನಿಂತಾಗ ಕಿಟಕಿಯ ಪಕ್ಕವೇ ಕಲ್ಲಿದ್ದಲ ಗಾಡಿ ಏದುಸಿರಿನಲ್ಲಿ ಹತ್ತುತ್ತದೆ. ಅದಕ್ಕಾಗಿ ಸ್ಲೀಪರಿನಲ್ಲೇ ಹೋಗಿ. ಎಸಿ ಬೋಗಿಯಲ್ಲಿ ತಣ್ಣಗಾದ ಲೆನ್ಸ್ ಮಳೆಗಾಲದ ಗಾಳಿಗೆ ಬಂದೊಡನೆ ಮಂಜು ಕಟ್ಟುತ್ತದೆ, ಅದು ಬಿಡುವಷ್ಟರಲ್ಲಿ ಗಾಡಿ ಹೋಗಿರುತ್ತದೆ. ಹೆಡ್‌ಲೈಟು ಮತ್ತು ಮಂಜು ಸೇರಿದಾಗ ಕ್ಯಾಮೆರಾದ ಬೆಳಕಿನ ಅಳತೆ ದಾರಿ ತಪ್ಪುತ್ತದೆ. ಗಾಡಿ ಬರುವ ಮೊದಲೇ ಕಾಡಿನ ಹಸಿರಿಗೆ ಅಳೆದು ಮ್ಯಾನುಯಲ್‌ನಲ್ಲಿ ಇಟ್ಟುಕೊಳ್ಳುವುದು ವಾಸಿ.

9. ಯಾರ್ಡನ್ನು ಹೊರಗಿನಿಂದ ನೋಡುವುದು

ಹಿಂದೆ ಯಾರ್ಡೆಂದರೆ ಬಿಡಿ ವ್ಯಾಗನ್ನುಗಳನ್ನು ಊರೂರಿನ ಪ್ರಕಾರ ಬೇರ್ಪಡಿಸಿ ಹೊಸ ಗಾಡಿ ಕಟ್ಟುವ ಜಾಗ. 1980ರ ದಶಕದಿಂದ ರೈಲ್ವೆ ಪೂರ್ತಿ ರೇಕನ್ನೇ ಒಂದೂರಿಂದ ಒಂದೂರಿಗೆ ಕಳಿಸುವ ಪದ್ಧತಿಗೆ ಹೊರಳಿದ ಮೇಲೆ ಆ ಕೆಲಸ ಬಹಳಷ್ಟು ನಿಂತಿತು. ಈಗ ಯಾರ್ಡಿನಲ್ಲಿ ನಡೆಯುವುದು ಕಾಯುವುದು, ತಪಾಸಣೆ, ಇಂಜಿನ್ ಬದಲಾವಣೆ. ಪರೀಕ್ಷಕ ಸಿಬ್ಬಂದಿ ರೇಕಿನ ಎರಡೂ ಬದಿ ನಡೆದು ಚಕ್ರ, ಸ್ಪ್ರಿಂಗ್, ಬ್ರೇಕ್ ನೋಡುತ್ತಾರೆ, ಬ್ರೇಕ್ ಪವರ್ ಸರ್ಟಿಫಿಕೇಟ್ ಬರೆಯುತ್ತಾರೆ. ಇಂಜಿನ್ ಸೇರಿದ ಮೇಲೆ ಬ್ರೇಕ್ ಪೈಪಿನಲ್ಲಿ ಗಾಳಿ ತುಂಬಿ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೊ ಆಗಬೇಕು. ಬುಸ್ಸೆನ್ನುವ ಸದ್ದು ಅಡಗಿತೆಂದರೆ ಹೊರಡುವುದು ಹತ್ತಿರ ಬಂತು.

ಇದೆಲ್ಲ ಕಾಣಲು ಒಳಗೆ ನುಗ್ಗಬೇಕಿಲ್ಲ. ಪಾದಚಾರಿ ಸೇತುವೆ, ರಸ್ತೆ ಮೇಲ್ಸೇತುವೆ, ಪ್ಲಾಟ್‌ಫಾರ್ಮಿನ ತುದಿ ಸಾಕು. ಯಾರ್ಡಿನೊಳಗೆ, ಶೆಡ್ಡಿನೊಳಗೆ ಹೋಗಬೇಕಾದರೆ ಲಿಖಿತ ಅನುಮತಿ ಬೇಕು. ನಮ್ಮ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ; ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಅರ್ಜಿ ಬರೆಯಿರಿ, ತಡವಾದರೂ ಕಾಯಿರಿ. ಅತಿಕ್ರಮಕ್ಕೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆ, ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಇವೆ.

ನಿಂತ ವ್ಯಾಗನ್ ಅಡಿಯಿಂದ ನುಸುಳಬೇಡಿ, ಎಷ್ಟು ಹೊತ್ತಿನಿಂದ ನಿಂತಿದ್ದರೂ. ಶಂಟಿಂಗ್ ಇಂಜಿನ್ ಆ ಕೊನೆಯಲ್ಲಿ ತಾಕಿದರೆ ಈ ಕೊನೆಯಲ್ಲೂ ಚಕ್ರ ಉರುಳುತ್ತದೆ. ಟ್ಯಾಂಕರ್ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಹೋಗಿ ಸುಟ್ಟುಹೋದ ಹುಡುಗರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಮೇಲಿನ ತಂತಿಯಲ್ಲಿರುವುದು 25,000 ವೋಲ್ಟು. ಮುಟ್ಟುವುದೇ ಬೇಡ, ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. ಎರಡು ಮೀಟರ್ ಒಳಗೆ ಏನೂ ಹೋಗಕೂಡದು ಎಂಬುದು ನಿಯಮ. ಎತ್ತಿ ಹಿಡಿದ ಮೊನೊಪಾಡ್, ಸೆಲ್ಫಿ ಕೋಲು, ಮಳೆಗಾಲದ ಕೊಡೆಗೂ ಅದು ಅನ್ವಯ.

10. ಮನುಷ್ಯರು

ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಪೇದೆ ಬಂದು ಕೇಳಿದರೆ ಕಾನೂನು ಬಾಯಿಪಾಠ ಒಪ್ಪಿಸಬೇಡಿ. “ಹವ್ಯಾಸ ಸರ್, ಇಂಜಿನ್ ಫೋಟೊ” ಎಂದು ಕ್ಯಾಮೆರಾದಲ್ಲಿರುವುದನ್ನು ತೋರಿಸಿ, ಹೋಗೆಂದರೆ ಹೋಗಿ. ಕ್ಯಾಬಿನಲ್ಲಿರುವವರ ಮುಖ ಗುರುತು ಸಿಗುವ ಹಾಗಿದ್ದರೆ ಕೈ ಎತ್ತಿ ಕೇಳಿ. ಹನ್ನೆರಡು ತಾಸು ದುಡಿದು ಕಣ್ಣು ಮುಚ್ಚಿ ಕೂತವರ, ಫೋನು ಹಿಡಿದವರ ಚಿತ್ರ ಹಂಚಿದರೆ ಅವರ ನೌಕರಿಗೆ ಕುತ್ತು ಬರುತ್ತದೆ. ಫ್ಲಾಟ್ ವ್ಯಾಗನ್ನುಗಳ ಮೇಲೆ ಟ್ಯಾಂಕು, ಸೇನೆಯ ಲಾರಿ ಬಂದರೆ ಕ್ಯಾಮೆರಾ ಕೆಳಗೆ. ಅದರಲ್ಲಿ ಚರ್ಚೆಗೆ ಜಾಗವಿಲ್ಲ.

11. ಸಾಮಾನ್ಯವೆಂದು ಬಿಟ್ಟದ್ದೇ ಮೊದಲು ಮಾಯವಾಗುತ್ತದೆ

2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಅದಕ್ಕೆ ಮುಂಚೆ ಅದಿರಿನ ರೇಕ್ ಎಂದರೆ ಯಾರೂ ಕ್ಯಾಮೆರಾ ಎತ್ತುತ್ತಿರಲಿಲ್ಲ, ಅಷ್ಟು ಓಡಾಡುತ್ತಿದ್ದವು. ತಡೆ ಬಿದ್ದ ಮೇಲೆ ಹುಡುಕಾಟ ಶುರುವಾಯಿತು. ಆಲ್ಕೊಗಳ ವಿಷಯದಲ್ಲೂ ಹಾಗೇ ಆಯಿತು. ಅವನ್ನು ಕಟ್ಟುತ್ತಿದ್ದ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ವಿದ್ಯುತ್ ಇಂಜಿನ್ ಕಟ್ಟುವತ್ತ ಹೊರಳಿ, 2020ರಲ್ಲಿ ತನ್ನ ಹೆಸರಿನಿಂದ ‘ಡೀಸೆಲ್’ ತೆಗೆದು ಬನಾರಸ್ ಲೋಕೊಮೋಟಿವ್ ವರ್ಕ್ಸ್ ಆಯಿತು. ಬಣ್ಣ ಬಳಿದ ಹೊಸ ಇಂಜಿನ್ನಿನ ಹಿಂದೆ ನೂರು ಕ್ಯಾಮೆರಾ ಓಡುವಾಗ ನೀವು ಮೂಲೆಯ ಶಂಟಿಂಗ್ ಇಂಜಿನ್ ಕಡೆ ತಿರುಗಿ. ಬ್ರೇಕ್ ವ್ಯಾನ್ ತೆಗೆಯಿರಿ, ಗಾರ್ಡ್ ಬದಲು ರೇಕಿನ ಕೊನೆಗೆ ಎಲೆಕ್ಟ್ರಾನಿಕ್ ಸಾಧನ ತಗಲಿಸುವ ಪ್ರಯೋಗಗಳು ನಡೆದಿವೆ. ಸುರತ್ಕಲ್ಲಿನಲ್ಲಿ ಕೊಂಕಣ ರೈಲ್ವೆಯ ರೋ-ರೋ ಗಾಡಿ ತೆಗೆಯಿರಿ: ಫ್ಲಾಟ್ ವ್ಯಾಗನ್ ಮೇಲೆ ಸಾಲಾಗಿ ಲಾರಿ, ಲಾರಿಯೊಳಗೆ ಊಟದ ಡಬ್ಬಿ ಬಿಚ್ಚಿ ಕೂತ ಡ್ರೈವರು.

12. ಹೆಸರು ಬರೆದಿಡಿ

ಚಿತ್ರದ ಜೊತೆ ತಾರೀಖು, ಜಾಗ, ಇಂಜಿನ್ ಸಂಖ್ಯೆ, ಶೆಡ್, ಗಾಡಿ ಹೋಗುತ್ತಿದ್ದ ದಿಕ್ಕು, ಸರಕು, ತುಂಬಿದೆಯೋ ಖಾಲಿಯೋ ಎಂಬುದನ್ನು ಅದೇ ದಿನ ಬರೆಯಿರಿ. ಶೆಡ್ಡಿನ ಹೆಸರು ಬಿಡಬೇಡಿ: ಇಂಜಿನ್ನುಗಳು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ವರ್ಗವಾಗುತ್ತವೆ, ಸಂಖ್ಯೆಯೊಂದರಿಂದಲೇ ಆ ದಿನ ಅದು ಎಲ್ಲಿಯದಾಗಿತ್ತೆಂದು ತಿಳಿಯದು. ಸಂಖ್ಯೆ ಓದಲಾಗದಂತೆ ಮುಂಭಾಗ ಮಸುಕಾಗಿದ್ದರೆ ಪಕ್ಕದ ಬರಹದ್ದೊಂದು ಫೋಟೊ ಹೆಚ್ಚಿಗೆ ಹೊಡೆದುಕೊಳ್ಳಿ. ಚೆಂದವಿಲ್ಲದಿದ್ದರೂ ಅದನ್ನು ಅಳಿಸಬೇಡಿ.